ದುಬೈ ಕ್ಯಾಂಪಿನಲ್ಲಿ ದಿನದ ಪ್ರಾರ್ಥನೆ: ಬೀದರಿನಿಂದ ಹೊರಟ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದು ಇಷ್ಟು: ಬೀದರಿನ ಮನೆಯಲ್ಲಿ ಬೆಳಿಗ್ಗೆ, ಸಂಜೆ ಕುಟುಂಬ ಪ್ರಾರ್ಥನೆ, ಭಾನುವಾರ ಆರಾಧನೆ, ವಾರದ ನಡುವೆ ಮನೆಗಳಲ್ಲಿ ಸೇರಿ ಮಾಡುವ ಕಾಟೇಜ್ ಪ್ರೇಯರ್. ದುಬೈನ ಕ್ಯಾಂಪ್ ರೂಮಿನಲ್ಲಿ, ಅಂದರೆ ಕಂಪನಿಯ ಕಾರ್ಮಿಕರ ವಸತಿಯಲ್ಲಿ, ಇದೆಲ್ಲ ನಡೆಯುತ್ತದಾ?

ನಡೆಯುತ್ತದೆ. ಆದರೆ ಪ್ರಾರ್ಥನೆಯನ್ನು ಗಡಿಯಾರಕ್ಕೆ ಕಟ್ಟಬೇಡ, ಡ್ಯೂಟಿಗೆ ಕಟ್ಟು. ದುಬೈ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಮನೆಯವರು ರಾತ್ರಿ ಎಂಟೂವರೆಗೆ ಕೂತರೆ ಇಲ್ಲಿ ಏಳು. ಸೈಟಿನ ಬಸ್ಸು ಆಗಿನ್ನೂ ಟ್ರಾಫಿಕ್ಕಿನಲ್ಲಿ ನಿಂತಿರುತ್ತದೆ. ಮಲಗುವ ಮುಂಚೆ ಮಾಡುತ್ತೇನೆ ಅನ್ನುವವರು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅನ್ನುವಷ್ಟರಲ್ಲಿ ಗೊರಕೆ ಹೊಡೆಯುತ್ತಾರೆ. ಮುಖ ತೊಳೆದ ಮೇಲೆ, ಡ್ಯೂಟಿ ಬೂಟು ಹಾಕುವ ಮುಂಚೆ ಹತ್ತು ನಿಮಿಷ, ಕೂತು ಮಾಡು. ನೈಟ್ ಶಿಫ್ಟ್ ವಾರದಲ್ಲಿ ಅದು ಸಂಜೆ ಐದಕ್ಕೆ ಬಂದರೂ ಕ್ರಮ ಅದೇ.

ಓದುವುದಕ್ಕೆ ಆದಿಕಾಂಡದಿಂದ ದಿನಕ್ಕೆ ಮೂರು ಅಧ್ಯಾಯ ಅಂತ ಹಟ ಹಿಡಿಯಬೇಡ. ನಾಲ್ಕು ದಿನ ಓಟಿ (ಓವರ್‌ಟೈಮ್) ಬಿದ್ದರೆ ಹನ್ನೆರಡು ಅಧ್ಯಾಯ ಬಾಕಿ, ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಬಹಳ ಜನ ಕೈಬಿಡುತ್ತಾರೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ ಇವೆ. ವಾರಕ್ಕೆ ಐದರಂತೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ತಪ್ಪಿದ್ದನ್ನು ತುಂಬಿಸಲು ವಾರಕ್ಕೆರಡು ದಿನ ಉಳಿಯುತ್ತದೆ. ಕನ್ನಡ ಆಡಿಯೋ ಸತ್ಯವೇದವನ್ನು ವೈಫೈ ಇದ್ದಾಗಲೇ ಇಳಿಸಿಕೊಂಡರೆ ಒಂದು ಅಧ್ಯಾಯ ಬಸ್ಸಿನಲ್ಲಿ ನಾಲ್ಕೈದು ನಿಮಿಷದಲ್ಲಿ ಆಗುತ್ತದೆ. ಸತ್ಯವೇದದ 150 ಕೀರ್ತನೆಗಳಿಗೆ ತಾರೀಖು ಹಿಡಿ, ಮೂವತ್ತು ಮೂವತ್ತು ಕೂಡಿಸುತ್ತ ಹೋಗು: ಏಳನೇ ತಾರೀಖಿಗೆ 7, 37, 67, 97, 127. ಐದರಲ್ಲಿ ಒಂದು ಓದಿದರೂ ಸಾಕು. ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಿಡುವ ಕೆಲಸ ಇರುವುದಿಲ್ಲ.

ರೂಮಿನಲ್ಲಿ ಇಯರ್‌ಫೋನ್ ಹಾಕಿಕೊ, ಮಂಚದ ಪರದೆ ಎಳೆದುಕೊ. ಪಕ್ಕದವನ ಶಿಫ್ಟ್ ಬೇರೆ ಇರುತ್ತದೆ, ಅವನ ನಿದ್ದೆ ಕೆಡಿಸಿದರೆ ಜಗಳ ಆಗುವುದು ಪ್ರಾರ್ಥನೆಯ ಮೇಲೇ. ಇಬ್ಬರು ಮೂವರು ರೂಮ್‌ಮೇಟುಗಳು ಮೆಲ್ಲಗೆ ಪ್ರಾರ್ಥಿಸುವುದು ಬೇರೆ. ಡೋಲಕ್, ತಾಳ ಹಿಡಿದು ಬೇರೆ ರೂಮಿನವರನ್ನು ಕರೆದು ಕೂಟ ನಡೆಸುವುದು ಬೇರೆ. ಸಾಮೂಹಿಕ ಆರಾಧನೆ ಅನುಮತಿ ಪಡೆದ ಜಾಗದಲ್ಲೇ ಆಗಬೇಕು. ಕರಪತ್ರ ಹಂಚುವುದು, ಬೇರೆ ಧರ್ಮದವರಿಗೆ ಬೋಧಿಸುವುದು ಇಲ್ಲಿ ಅಪರಾಧ. ಕಾಟೇಜ್ ಪ್ರೇಯರ್ ಆಸೆಯನ್ನು ಚರ್ಚ್ ಆವರಣದಲ್ಲೇ ತೀರಿಸಿಕೊ.

ಆವರಣಗಳು ಮುಖ್ಯವಾಗಿ ಊದ್ ಮೇತಾ ಮತ್ತು ಜೆಬೆಲ್ ಅಲಿಯಲ್ಲಿವೆ. ಊದ್ ಮೇತಾದಲ್ಲಿ ಹೋಲಿ ಟ್ರಿನಿಟಿ ಆಂಗ್ಲಿಕನ್ ಚರ್ಚ್, ಸೇಂಟ್ ಮೇರೀಸ್ ಕ್ಯಾಥೊಲಿಕ್ ಚರ್ಚ್ ಎರಡೂ ಇವೆ. ನಮ್ಮಂಥ ಮೆಥೋಡಿಸ್ಟ್ ಪ್ರೊಟೆಸ್ಟೆಂಟರಿಗೆ ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ವಿಧಿಗೆ) ಮೊದಲನೆಯದು ಅನುಕೂಲ. ಕ್ಯಾಥೊಲಿಕ್ ಪೂಜೆಗೆ ಹೋಗಿ ಕೂರಬಹುದು, ಪ್ರಸಾದ ಕೊಡುವುದಿಲ್ಲ. ಹೋಲಿ ಟ್ರಿನಿಟಿಯ ಹಾಲುಗಳನ್ನು ಹತ್ತಾರು ಭಾಷೆಯ ಸಭೆಗಳು ಸರದಿಯಲ್ಲಿ ಬಳಸುತ್ತವೆ. ತಡವಾಗಿ ಹೋದರೆ ಅರ್ಧ ಆರಾಧನೆ ಮುಗಿದಿರುತ್ತದೆ, ಮುಂದಿನ ಸಭೆಯವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ.

2022ರ ಜನವರಿಯಿಂದ ಸರ್ಕಾರಿ ವಾರಾಂತ್ಯ ಶನಿವಾರ, ಭಾನುವಾರ. ಶುಕ್ರವಾರ ಅರ್ಧ ದಿನ. ಖಾಸಗಿ ಕಂಪನಿ ವಾರಕ್ಕೆ ಕನಿಷ್ಠ ಒಂದು ರಜೆ ಕೊಡಬೇಕು, ಅದು ಯಾವ ದಿನ ಅಂತ ನಿನ್ನ ಕಾಂಟ್ರಾಕ್ಟಿನಲ್ಲಿ ನೋಡು. ಶುಕ್ರವಾರ ರಜೆ ಬಂದರೆ ಬೇಜಾರಾಗಬೇಡ, ಆ ದಿನವೂ ಆರಾಧನೆ ಇಟ್ಟುಕೊಂಡ ಸಭೆಗಳಿವೆ. ಊರಿನ ಮಂಗಲಪೇಟೆ ಚರ್ಚಿನ ಆರಾಧನೆಯನ್ನು ಮೊಬೈಲಿನಲ್ಲಿ ನೋಡಿಕೊಂಡು ಸುಮ್ಮನಿರುವವರೂ ಇದ್ದಾರೆ. ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಬರುವವರು ಇಲ್ಲಿನ ಸಭೆಯವರೇ, ಅದನ್ನು ಮರೆಯಬೇಡ.

ಮನೆಯವರ ಜೊತೆ ಪ್ರಾರ್ಥಿಸಲು ವಾಟ್ಸಾಪ್ ಕಾಲ್ ಇಲ್ಲಿ ನಡೆಯುವುದಿಲ್ಲ. ಬೋಟಿಮ್ ಅಥವಾ ಜೂಮ್ ಆ್ಯಪ್ ಹಾಕಿಕೊ, ಅಮ್ಮನ ಫೋನಿಗೂ ಹೊರಡುವ ಮುಂಚೆಯೇ ಹಾಕಿಕೊಡು. ವಿಪಿಎನ್ ಸಾಹಸ ಬೇಡ, ದಂಡ ಭಾರಿ.

ಬರುವಾಗ ಒಂದು ಸತ್ಯವೇದ, ದೀಕ್ಷಾಸ್ನಾನದ ಸರ್ಟಿಫಿಕೇಟ್ ಪ್ರತಿ, ಪಾಸ್ಟರ್ ಪತ್ರ ತಾ. ಮುಂದೆ ಮದುವೆ, ಮಗುವಿನ ದೀಕ್ಷಾಸ್ನಾನಕ್ಕೆ ಅವನ್ನೇ ಕೇಳುತ್ತಾರೆ.

ಕಾಣಿಕೆ ವಿಷಯ ಜೋಪಾನ. ಅನುಮತಿ ಇಲ್ಲದೆ ಚಂದಾ ಎತ್ತುವುದು ಇಲ್ಲಿ ಕಾನೂನುಬಾಹಿರ, ರೂಮಿನಲ್ಲಿ ಡಬ್ಬಿ ತಿರುಗಿಸಲೇಬೇಡ. ಊರಿನ ಸಭೆಗೆ ದಶಮಾಂಶ (ದುಡಿಮೆಯ ಹತ್ತನೇ ಒಂದು ಪಾಲು) ಕಳಿಸುವುದಾದರೆ ನಿನ್ನ ದುಡಿಮೆಯ ಹಣವನ್ನು ನಿನ್ನ ಬ್ಯಾಂಕ್ ಖಾತೆಯಿಂದಲೇ ಕಳಿಸು. ಭಾರತದ ಪಾಸ್‌ಪೋರ್ಟ್ ಇರುವ ತನಕ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಪ್ರತಿಯನ್ನು ಸಭೆಯ ಖಜಾಂಚಿಗೆ ಕೊಟ್ಟಿರು. ಫಿಲಿಪೈನ್ಸಿನ ಗೆಳೆಯ ಕೊಟ್ಟ ಹಣವನ್ನು ಅದರಲ್ಲಿ ಸೇರಿಸಿದರೆ ಎಫ್‌ಸಿಆರ್‌ಎ (ಭಾರತದ ವಿದೇಶಿ ದೇಣಿಗೆ ಕಾಯ್ದೆ) ತೊಡಕು ಸಭೆಯ ತಲೆಗೆ ಬರುತ್ತದೆ.