ಅಮ್ಮನ ಬಯಾಪ್ಸಿ ವರದಿಯಲ್ಲಿ ‘ಸ್ವೀಟ್ ಸಿಂಡ್ರೋಮ್‌ಗೆ ಹೊಂದುತ್ತದೆ’ ಎಂದಿದೆ. ಆದರೂ ಇನ್ನೊಂದು ತುಂಡು ಯಾಕೆ ಬೇಕಂತೆ?

ಸ್ವೀಟ್ ಸಿಂಡ್ರೋಮ್ ಎಂದರೆ ಸೋಂಕಿಲ್ಲದೆಯೇ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಚರ್ಮಕ್ಕೆ ಮುತ್ತಿ ದದ್ದು ಏಳುವ ಕಾಯಿಲೆ. ಮೊದಲ ತುಂಡು ಪೂರ್ತಿ ಫಾರ್ಮಲಿನ್‌ಗೆ, ಅಂದರೆ ಅಂಗಾಂಶ ಕೆಡದಂತೆ ಇಡುವ ದ್ರಾವಣಕ್ಕೆ, ಹೋಗಿರಬೇಕು. ಅದರಲ್ಲಿ ಕಲ್ಚರ್ (ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಲು ಬರುವುದಿಲ್ಲ, ಸೂಕ್ಷ್ಮಜೀವಿ ಇದ್ದರೂ ಸತ್ತಿರುತ್ತದೆ. ಅಂದಹಾಗೆ, ಈ ‘ಸ್ವೀಟ್’ಗೂ ಸಕ್ಕರೆ ಕಾಯಿಲೆಗೂ ನಂಟಿಲ್ಲ. 1964ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಚರ್ಮವೈದ್ಯ ರಾಬರ್ಟ್ ಸ್ವೀಟ್ ಅವರ ಹೆಸರದು.

ಸ್ಲೈಡಿನಲ್ಲಿ ಕಾಣುವುದು ಇಷ್ಟು: ಹೊರಚರ್ಮ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅದರ ಕೆಳಗೆ ಒಳಚರ್ಮದ ಮೇಲ್ಪದರ ನೀರು ತುಂಬಿ ಊದಿಕೊಂಡು ತೆಳುಬಣ್ಣಕ್ಕೆ ತಿರುಗಿರುತ್ತದೆ. ಕೆಲವೊಮ್ಮೆ ಗುಳ್ಳೆ ಎದ್ದಂತೆಯೇ ಕಾಣುತ್ತದೆ. ಅದಕ್ಕೂ ಕೆಳಗೆ ನ್ಯೂಟ್ರೋಫಿಲ್‌ಗಳ ದಟ್ಟ ಪಟ್ಟಿ, ನಡುವೆ ಒಡೆದ ಕೋಶಕೇಂದ್ರಗಳ ಪುಡಿ. ನಾನು ಹೆಚ್ಚು ಹೊತ್ತು ನೋಡುವುದು ರಕ್ತನಾಳದ ಗೋಡೆಯನ್ನು. ಗೋಡೆಯೊಳಗೆ ಗುಲಾಬಿ ಬಣ್ಣದ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಕೂತಿದ್ದರೆ ವ್ಯಾಸ್ಕುಲೈಟಿಸ್, ಅಂದರೆ ರಕ್ತನಾಳದ ಉರಿಯೂತದ ಅನುಮಾನ. ಸ್ವೀಟ್‌ನಲ್ಲಿ ನಾಳದ ಒಳಪದರ ಊದಿರುತ್ತದೆ, ಗೋಡೆ ಸಾಮಾನ್ಯವಾಗಿ ಉಳಿದಿರುತ್ತದೆ. ಆದರೆ ನ್ಯೂಟ್ರೋಫಿಲ್‌ಗಳ ರಾಶಿಯ ಮಧ್ಯೆ ಸಿಕ್ಕ ನಾಳಕ್ಕೆ ಏಟು ಬಿದ್ದಿರುವುದುಂಟು. ಆದ್ದರಿಂದ ರಾಶಿಯಿಂದ ದೂರದ ನಾಳಗಳನ್ನೂ ನೋಡದೆ ತೀರ್ಪು ಕೊಡಬಾರದು.

ತೊಡಕೇನೆಂದರೆ, ಬ್ಯಾಕ್ಟೀರಿಯಾ, ಫಂಗಸ್, ಕ್ಷಯದ ಗುಂಪಿನ ಸೂಕ್ಷ್ಮಜೀವಿಗಳ ಸೋಂಕಿನಲ್ಲೂ ನ್ಯೂಟ್ರೋಫಿಲ್ ಹೀಗೆಯೇ ಮುತ್ತಬಹುದು. ಸೂಕ್ಷ್ಮಜೀವಿಗಳನ್ನು ಎದ್ದು ಕಾಣಿಸಲು ಸ್ಲೈಡಿಗೆ ಹಾಕುವ ಗ್ರಾಮ್, ಪಿಎಎಸ್, ಜೀಲ್-ನೀಲ್ಸನ್ ಬಣ್ಣಗಳಲ್ಲಿ ಏನೂ ಕಾಣದಿದ್ದರೂ ಸೋಂಕು ಇಲ್ಲವೆಂದು ಆಗುವುದಿಲ್ಲ. ಸ್ವೀಟ್‌ಗೆ ಕೊಡುವ ಮುಖ್ಯ ಔಷಧ ಸ್ಟೀರಾಯ್ಡ್. ಸೋಂಕಿದ್ದರೆ ಅದು ಸೋಂಕನ್ನೇ ಬೆಳೆಸೀತು. ಹಾಗಾಗಿ ವೈದ್ಯರು ಕೇಳಿದ್ದು ಸರಿಯೇ.

ಈ ಸಲ ಹೊಸದಾಗಿ ಎದ್ದ, ಕೆರೆಯದ ದದ್ದಿನಿಂದ ಕನಿಷ್ಠ 4 ಮಿಲಿಮೀಟರ್ ಪಂಚ್‌ನಲ್ಲಿ (ಚರ್ಮ ಕೊರೆಯುವ ದುಂಡು ಅಲಗು) ತುಂಡು ತೆಗೆಯಲಿ. ಮೇಲ್ಮೇಲೆ ಕೆತ್ತಿದರೆ ಆಳದ ಭಾಗ ಸಿಗದು. ಕಲ್ಚರ್ ತುಂಡನ್ನು ಫಾರ್ಮಲಿನ್ ಸೋಕಿಸದೆ ಸ್ಟೆರೈಲ್ ಸಲೈನ್‌ನಲ್ಲಿಟ್ಟು ಕೂಡಲೇ ಲ್ಯಾಬಿಗೆ ಮುಟ್ಟಿಸಬೇಕು. ಸ್ಲೈಡಿಗೂ ಮತ್ತೆ ತೆಗೆಯುವುದಾದರೆ ಆ ತುಂಡು 10% ಫಾರ್ಮಲಿನ್‌ಗೆ, ಅದೂ ತುಂಡಿನ ಗಾತ್ರದ ಹತ್ತು ಪಟ್ಟಾದರೂ ಇರಲಿ. ಚಿಮಟದಿಂದ ಹಿಸುಕಿದರೆ ಕೋಶಕೇಂದ್ರಗಳು ಎಳೆದುಹೋಗಿ ಯಾವ ಕೋಶವೆಂದೇ ತಿಳಿಯುವುದಿಲ್ಲ.

ಸ್ಟೀರಾಯ್ಡ್ ಈಗಾಗಲೇ ಶುರುವಾಗಿದ್ದರೆ ಯಾವ ದಿನದಿಂದ ಎಂದು ಲ್ಯಾಬಿಗೆ ಕಳಿಸುವ ಅರ್ಜಿಯಲ್ಲಿ ಬರೆಸಿ, ಏಕೆಂದರೆ ನ್ಯೂಟ್ರೋಫಿಲ್ ಕಡಿಮೆಯಾಗಿ ಚಿತ್ರವೇ ಬದಲಾಗಿರುತ್ತದೆ. ವರದಿಯಲ್ಲಿ ‘ಹಿಸ್ಟಿಯೊಸೈಟಾಯ್ಡ್’ ಎಂಬ ಪದವಿದ್ದರೆ ಎಂಪಿಒ (ನ್ಯೂಟ್ರೋಫಿಲ್ ಗುಂಪಿನ ಕಣಗಳನ್ನು ಗುರುತಿಸುವ) ಪರೀಕ್ಷೆ ಆಗಿದೆಯೇ ಕೇಳಿ. ಅಲ್ಲಿ ಬಲಿಯದ ಬಿಳಿರಕ್ತಕಣಗಳು ಹಿಸ್ಟಿಯೊಸೈಟ್ ಎಂಬ ಬೇರೆ ಕೋಶದ ವೇಷದಲ್ಲಿರುತ್ತವೆ. ಅದರ ಹಿಂದೆ ಮೂಳೆಮಜ್ಜೆಯ ಕಾಯಿಲೆ ಅಡಗಿರಬಹುದಾದ್ದರಿಂದ ರಕ್ತಪರೀಕ್ಷೆಯನ್ನು ಮುಂದೂಡಬೇಡಿ.