ಸಿಳ್ಳೆ ಹೊಡೆದದ್ದು ಲೈನ್ ಮನೆಯ ಹುಡುಗನಲ್ಲ

ಮೂಡಿಗೆರೆ ಕಡೆಯ ತೋಟದ ಮನೆಯಿಂದ ಬರೆದ ಸಹೋದರಿಗೆ,

ನಮಸ್ಕಾರ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರೂ ನಕ್ಕೆವು. ಉಳಿದ ಓದುಗರಿಗೂ ತಿಳಿಯಲೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಳೆ ಹಿಡಿದಾಗಿನಿಂದ ನಿಮ್ಮ ಮನೆ ಹಿಂದೆ ಬೆಳಗಿನ ಜಾವ ಯಾರೋ ಸಿಳ್ಳೆ ಹೊಡೆಯುತ್ತಿದ್ದರು. ತೋಟದ ಕೂಲಿಯವರ ಲೈನ್ ಮನೆಯ ಹುಡುಗನೇ ಇರಬೇಕೆಂದು ನೀವು ಅವನನ್ನು ಕರೆದು ಬೈದಿರಿ. ಅವನು ಪೆಚ್ಚಾಗಿ ಹೋದ. ಮರುದಿನವೂ ಅದೇ ಸಿಳ್ಳೆ. ಟಾರ್ಚ್ ಹಿಡಿದು ಹೋಗಿ ನೋಡಿದರೆ ಹಳ್ಳದ ಬಂಡೆಯ ಮೇಲೊಂದು ಕಪ್ಪು ಹಕ್ಕಿ! ಕೊನೆಗೆ ಕೇಳಿದ್ದೀರಿ: "ಆಳು ಸಿಗದ ಈ ತಾಪತ್ರಯದ ನಡುವೆ ಆ ಹಕ್ಕಿಗೆ ಕೈ ಮುಗಿಯಬೇಕು ಅನ್ನಿಸಿತು. ಇದು ಹುಚ್ಚಲ್ಲವೇ?"

ಅಲ್ಲ. ಅದು ಮಲಬಾರ್ ವಿಸ್ಲಿಂಗ್ ಥ್ರಷ್. ನಮ್ಮ ಘಟ್ಟದ ಹಳ್ಳ, ಝರಿಗಳ ಪಕ್ಕ ಏಡಿ, ಬಸವನಹುಳು, ಹಣ್ಣು ತಿಂದುಕೊಂಡಿರುವ ಹಕ್ಕಿ. ಮಬ್ಬಿನಲ್ಲಿ ಕಪ್ಪಾಗಿಯೇ ಕಾಣುತ್ತದೆ. ಬೆಳಕು ಬಿದ್ದರೆ ಹಣೆ ಮತ್ತು ಭುಜದ ಮೇಲೆ ನೀಲಿ ಮಿಂಚುತ್ತದೆ. ಹಾಡು ಅರ್ಧಂಬರ್ಧ ನೆನಪಿರುವ ಹುಡುಗ ದಾರಿಯಲ್ಲಿ ಸಿಳ್ಳೆ ಹೊಡೆದಂತೆಯೇ ಅದರ ದನಿ ಏರಿ ಇಳಿದು ಎಲ್ಲೆಲ್ಲೋ ಹೋಗುತ್ತದೆ. ಇಂಗ್ಲಿಷಿನವರೂ ಇದನ್ನು 'ಸಿಳ್ಳೆ ಹೊಡೆಯುವ ಶಾಲಾ ಹುಡುಗ' ಎಂದೇ ಕರೆದರು. ಮೋಸ ಹೋದವರು ನೀವೊಬ್ಬರೇ ಅಲ್ಲ.

ಅದು ನಮಗಾಗಿ ಹಾಡುವುದಿಲ್ಲ, ನಿಜ. ಮಳೆಗಾಲ ಅದಕ್ಕೆ ಮರಿ ಮಾಡುವ ಕಾಲ, ಅದರ ಸಂಸಾರ ಅದಕ್ಕೆ. ಆದರೆ ಪಕ್ಕದ ಮನೆಯ ಒಗ್ಗರಣೆಯ ಘಮ ನಮ್ಮ ಅಂಗಳಕ್ಕೂ ಬಂದಾಗ ಹಿತವಾಗುವುದಿಲ್ಲವೇ? ನನಗಂತೂ ಇಂಥ ಋಣ ದೊಡ್ಡದಾಗಿಯೇ ಕಾಣುತ್ತದೆ.

ನನ್ನದೂ ಒಂದು ಕಥೆ ಇದೆ. ಹೋದ ವರ್ಷ ದಸರಾ ರಜೆ ಮುಗಿಸಿ ಬಂದರೆ ಚಿಕ್ಕಮಗಳೂರಿನ ನಮ್ಮ ಕಚೇರಿಯ ಬೀಗಕ್ಕೆ ಕೀಲಿಯೇ ಇಳಿಯಲಿಲ್ಲ. ತೂತಿನ ತುಂಬ ಮಣ್ಣು, ಮೇಲೆ ನುಣ್ಣಗೆ ಸಾರಿಸಿದಂತೆ. ಯಾರೋ ಪೋಕರಿಗಳ ಕೆಲಸ ಎಂದುಕೊಂಡು ಪಿನ್ನಿನಿಂದ ಕೆದಕಿದೆ. ಪುಟ್ಟ ಹಸಿರು ಕಂಬಳಿಹುಳುಗಳು ಒಂದೊಂದಾಗಿ ಬಿದ್ದವು, ಸತ್ತಿರಲಿಲ್ಲ, ಅಲುಗಾಡುತ್ತಲೂ ಇರಲಿಲ್ಲ. ಆಗ ಹೊಳೆಯಿತು, ಇದು ಕಣಜದ ಕೆಲಸ! ತಾಯಿ ಕಣಜ ಕಂಬಳಿಹುಳುಗಳನ್ನು ಚುಚ್ಚಿ ಸ್ವಾಧೀನ ತಪ್ಪಿಸಿ ತಂದಿಡುತ್ತದೆ. ಕೊಂದರೆ ಕೊಳೆತು ಹೋಗುತ್ತವಲ್ಲ. ಅಲ್ಲೇ ಒಂದು ಮೊಟ್ಟೆಯಿಟ್ಟು ಮಣ್ಣಿನಿಂದ ಬಾಗಿಲು ಮುಚ್ಚುತ್ತದೆ. ಮರಿಗೆ ಬುತ್ತಿ ಸಿದ್ಧ. ಬೀಗದ ತೂತು ಅದಕ್ಕೆ ಕಟ್ಟಿಟ್ಟ ಬಾಣಂತಿ ಕೋಣೆಯಂತೆ ಕಂಡಿರಬೇಕು.

ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಹಾಗಾಗಿ ಮರುವಾರ ಕಿಟಕಿಯ ಚಿಲಕದ ತೂತಿಗೆ ಇನ್ನೊಂದು ಕಣಜ ಮಣ್ಣು ಮೆತ್ತಿದಾಗ ಯಾರಿಗೂ ಮುಟ್ಟಲು ಬಿಡಲಿಲ್ಲ. ಕಿಟಕಿಗೆ ದಾರ ಕಟ್ಟಿ ವಾರಗಟ್ಟಲೆ ಕಾದೆವು. ಒಂದು ಬೆಳಗ್ಗೆ ಮಣ್ಣಿನಲ್ಲಿ ದುಂಡನೆಯ ಕಿಂಡಿ ಬಿದ್ದಿತ್ತು, ಮರಿ ಹಾರಿಹೋಗಿತ್ತು. ಕೆಲಸ ಬಿಟ್ಟು ಎಲ್ಲರೂ ಬಂದು ನೋಡಿದರು. ನಾನು ಸಲ್ಲಿಸಿದ ಧನ್ಯವಾದ ಅಷ್ಟೇ, ಒಂದು ದಾರ ಕಟ್ಟಿದ್ದು.

ನೀವು ಕೈ ಮುಗಿಯಿರಿ, ಸಂಕೋಚ ಬೇಡ. ಆದರೆ ಪತ್ರದಲ್ಲಿ ಒಂದು ವಿಷಯ ಬರೆದಿಲ್ಲ. ಬೈಸಿಕೊಂಡ ಆ ಹುಡುಗನಿಗೆ ಹಕ್ಕಿಯ ಸುದ್ದಿ ಹೇಳಿದಿರಾ? ಹೇಳಿರದಿದ್ದರೆ ನಾಳೆ ಬೆಳಗ್ಗೆಯೇ ಎಬ್ಬಿಸಿ ಹಳ್ಳದ ಹತ್ತಿರ ಕರೆದುಕೊಂಡು ಹೋಗಿ. ಟಾರ್ಚ್ ಬೇಡ, ಹಕ್ಕಿ ಬೆದರುತ್ತದೆ. ಅವನೂ ತಿರುಗಿ ಒಂದು ಸಿಳ್ಳೆ ಹೊಡೆದರೆ ಏನಾಯಿತೆಂದು ನನಗೆ ಬರೆಯಿರಿ.

ಸಂಪಾದಕ