ಬಯಲು ನೆತ್ತಿಯ ಬೆಟ್ಟ ಹತ್ತಿ ಅದೇ ದಾರಿಯಲ್ಲಿ ವಾಪಸ್ ಬರುವುದು: ಇಳಿಯುವ ಲೆಕ್ಕ ಹತ್ತುವಾಗಲೇ ಹಾಕಿ

ಮರಗಿಡ ಇಲ್ಲದ ಕಡಿದಾದ ಏಣಿನ (ಎರಡೂ ಬದಿ ಇಳಿಜಾರಿರುವ ಬೆಟ್ಟದ ಬೆನ್ನಿನ) ಮೇಲೆ ನಡೆದು ತುದಿ ಮುಟ್ಟಿ, ಹೋದ ದಾರಿಯಲ್ಲೇ ಇಳಿದು ಬರಬೇಕು, ಹತ್ತುವಾಗ ಹುಷಾರಾಗಿದ್ದರೆ ಇಳಿಯುವುದು ಸುಲಭ ಅಲ್ವಾ ಅಂತ ಕೇಳಿದ್ದೀರಿ. ಸುಲಭ ಅಲ್ಲ. ಉಸಿರಿನ ಮಟ್ಟಿಗೆ ಹೌದು, ಏದುಸಿರು ಕಡಿಮೆ. ಆದರೆ ಕಾಲಿಗೆ, ಕಣ್ಣಿಗೆ, ದಾರಿ ಹುಡುಕುವುದಕ್ಕೆ ಇಳಿಯುವುದೇ ಜಾಸ್ತಿ ಕಷ್ಟ. ಇಂಥ ಬೆಟ್ಟಗಳಿಗೆ ಹೋಗುವಾಗ ನಾನು ಮೊದಲು ಯೋಚಿಸುವುದೇ ವಾಪಸ್ ಬರುವುದರ ಬಗ್ಗೆ.

ದಾರಿ ತಪ್ಪುವುದು ಹೇಗೆ ಅಂತ ಮೊದಲು ನೋಡಿ. ಮರದ ಬುಡದಿಂದ ಬೇರು ಚಾಚಿಕೊಂಡ ಹಾಗೆ ನೆತ್ತಿಯಿಂದ ಏಣುಗಳು ಸುತ್ತಲೂ ಇಳಿದಿರುತ್ತವೆ. ಹತ್ತುವಾಗ ಎಲ್ಲ ಏಣುಗಳೂ ಮೇಲೆ ಒಂದೇ ಕಡೆ ಸೇರುತ್ತವೆ, ಹಾಗಾಗಿ ಸ್ವಲ್ಪ ಆಚೀಚೆ ಆದರೂ ತುದಿಗೇ ಹೋಗಿ ಮುಟ್ಟುತ್ತೀರಿ. ಇಳಿಯುವಾಗ ಅವೇ ಏಣುಗಳು ಒಂದೊಂದಾಗಿ ಕವಲೊಡೆಯುತ್ತವೆ. ಹತ್ತುವಾಗ ಕಣ್ಣಿಗೇ ಬೀಳದ ಕವಲು ಅದು, ಯಾಕೆಂದರೆ ನಿಮ್ಮ ಬೆನ್ನ ಹಿಂದೆ ಇತ್ತು. ಮಂಜು ಕವಿದಿದ್ದರಂತೂ ಅಗಲವಾಗಿ, ಸಲೀಸಾಗಿ ಕಾಣುವ ಏಣಿನ ಕಡೆಗೇ ಕಾಲು ಹೋಗುತ್ತದೆ, ಅದು ಎಷ್ಟೋ ಸಲ ಪ್ರಪಾತದ ಅಂಚಿಗೆ ಹೋಗಿ ನಿಲ್ಲುತ್ತದೆ.

ಅದಕ್ಕೇ ಹತ್ತುವಾಗ ಆಗಾಗ ಹಿಂದಿರುಗಿ ನೋಡಿ. ಸುಮ್ನೆ ಕತ್ತು ತಿರುಗಿಸುವುದಲ್ಲ, ನಿಂತು, ಪೂರ್ತಿ ತಿರುಗಿ, ಇಲ್ಲಿಂದ ಇಳಿಯಬೇಕಾದರೆ ಯಾವ ಕಡೆ ಹೋಗುತ್ತೇನೆ ಅಂತ ಕೇಳಿಕೊಳ್ಳಿ. ಕವಲು ಇರುವ ಕಡೆಯೆಲ್ಲ ಇಳಿಯುವ ದಿಕ್ಕಿಗೇ ಫೋನ್ ಹಿಡಿದು ಒಂದು ಫೋಟೋ ತೆಗೆಯಿರಿ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು, ನಡೆದ ದಾರಿ ರೆಕಾರ್ಡ್ ಆಗುವ ಹಾಗೆ ಮಾಡಿಕೊಳ್ಳಿ. ಫ್ಲೈಟ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಫೋನು ಜಾಕೆಟ್ಟಿನ ಒಳಜೇಬಿನಲ್ಲಿರಲಿ. ದಿಕ್ಸೂಚಿ ಬಳಸಲು ಬರುತ್ತಿದ್ದರೆ, ಕೊನೆಯ ಏಣು ಹತ್ತಿದ ಡಿಗ್ರಿಗೆ 180 ಕೂಡಿಸಿ ಅಥವಾ ಕಳೆದರೆ ಇಳಿಯುವ ದಿಕ್ಕು ಸಿಗುತ್ತದೆ. ತುದಿಯಲ್ಲಿ ಬಿಳಿ ಮಂಜಿನ ನಡುವೆ ನಿಂತಾಗ ಆ ಒಂದು ಅಂಕಿಗೆ ತುಂಬಾ ಬೆಲೆ ಇದೆ.

ಇನ್ನು ಬಂಡೆ. ಹತ್ತುವಾಗ ಕೈ ಹಿಡಿಯುವ ಜಾಗ, ಕಾಲಿಡುವ ಜಾಗ ಎರಡೂ ಕಣ್ಣೆದುರೇ ಇರುತ್ತವೆ. ಇಳಿಯುವಾಗ ಕಾಲಿಡುವ ಜಾಗ ನಿಮ್ಮ ಮೈಯ ಅಡಿಯಲ್ಲೇ ಮರೆಯಾಗುತ್ತದೆ, ಜೊತೆಗೆ ಕಾಲ ಕೆಳಗಿನ ಆಳ ಪೂರ್ತಿ ಕಣ್ಣಿಗೆ ರಾಚುತ್ತದೆ. ಅದಕ್ಕೆ ನನ್ನದು ಒಂದೇ ಪರೀಕ್ಷೆ: ಕೈ ಊರಿ ಹತ್ತಬೇಕಾದ ಜಾಗ ಬಂದರೆ ಎರಡು ಮೂರು ಹೆಜ್ಜೆ ಹತ್ತಿ, ಅಲ್ಲೇ ವಾಪಸ್ ಇಳಿದು ನೋಡುವುದು. ಇಳಿಯಲು ಆಗದ್ದನ್ನು ಹತ್ತಬೇಡಿ. ಒಣಗಿದ್ದಾಗ ಹಿಡಿತ ಕೊಡುವ ಕಲ್ಲು ಮಳೆಯಲ್ಲಿ ಅಥವಾ ಮಂಜಿನ ತೇವಕ್ಕೆ ಜಾರುತ್ತದೆ, ಪಾಚಿ ಇದ್ದರೆ ಕೇಳುವುದೇ ಬೇಡ. ಬೆಳಿಗ್ಗೆ ಹತ್ತಿದ ಬಂಡೆ ಮಧ್ಯಾಹ್ನ ಅದೇ ಬಂಡೆಯಾಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಮೆತ್ತಗಿನ ಇಳಿಜಾರಾದರೆ ಮುಂದೆ ನೋಡಿಕೊಂಡೇ ಇಳಿಯಿರಿ, ಸ್ವಲ್ಪ ಕಡಿದಾದರೆ ಅಡ್ಡಡ್ಡ, ತುಂಬಾ ಕಡಿದಾದರೆ ಬಂಡೆಗೆ ಮುಖ ಮಾಡಿ. ಮುಖ ಮಾಡಿ ಇಳಿಯಲು ನಾಚಿಕೆ ಬೇಡ. ಸಡಿಲ ಕಲ್ಲಿನ ಜಾಗದಲ್ಲಿ ಒಬ್ಬರ ಕೆಳಗೆ ಒಬ್ಬರು ನೇರವಾಗಿ ನಿಲ್ಲಬೇಡಿ, ಕಲ್ಲು ಜಾರಿದರೆ ತಕ್ಷಣ ಜೋರಾಗಿ ಕೂಗಿ.

ಬಯಲು ನೆತ್ತಿಯಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ. ಗಾಳಿಯ ವೇಗ 2 ಪಟ್ಟಾದರೆ ಅದು ನೂಕುವ ಬಲ 4 ಪಟ್ಟಾಗುತ್ತದೆ, ಹಾಗಾಗಿ ಕೆಳಗೆ ಹಿತವಾಗಿದ್ದ ಗಾಳಿ ಮೇಲೆ ನಿಮ್ಮನ್ನು ಅಲುಗಾಡಿಸಬಹುದು. ಬೀಸಿ ಬೀಸಿ ಬರುವ ಗಾಳಿಯಲ್ಲಿ ಇನ್ನೊಂದು ತೊಂದರೆ ಇದೆ, ಗಾಳಿಗೆ ಎದುರಾಗಿ ವಾಲಿಕೊಂಡಿದ್ದಾಗ ಅದು ಒಮ್ಮೆಲೇ ನಿಂತರೂ ಆಯ ತಪ್ಪುತ್ತದೆ. ಗಾಳಿ ಯಾವ ಕಡೆ ನೂಕುತ್ತಿದೆಯೋ ಆ ಕಡೆಯ ಅಂಚಿನಿಂದ ದೂರ ಇರಿ. ಪಟಪಟ ಹೊಡೆದುಕೊಳ್ಳುವ ಬ್ಯಾಗಿನ ಮಳೆ ಕವರ್ ಬಿಚ್ಚಿ ಒಳಗಿಡಿ. ನಡೆಯುತ್ತಿರುವಾಗಲೇ ನೂಕಿಸಿಕೊಂಡು ಹೆಜ್ಜೆ ತಪ್ಪುತ್ತಿದ್ದರೆ ಕಿರಿದಾದ ಏಣಿಗೆ ಕಾಲಿಡಲೇಬೇಡಿ, ಅಲ್ಲಿಂದಲೇ ವಾಪಸ್ ಹೊರಡಿ.

ಸಿಡಿಲಿನ ವಿಷಯದಲ್ಲಂತೂ ಚೌಕಾಸಿ ಇಲ್ಲ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್. 30 ಸೆಕೆಂಡಿನೊಳಗೆ ಗುಡುಗಿದರೆ ಅದು 10 ಕಿಲೋಮೀಟರ್ ಒಳಗಿದೆ ಅಂತ ಅರ್ಥ, ತುದಿ ಎಷ್ಟೇ ಹತ್ತಿರ ಇದ್ದರೂ ಏಣು ಬಿಟ್ಟು ಇಳಿಯಿರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮತ್ತೆ ಮೇಲೆ ಹೋಗಬೇಡಿ. ಒಂಟಿ ಮರದ ಕೆಳಗಾಗಲಿ, ಬಂಡೆಯ ಚಾಚಿನ ಕೆಳಗಾಗಲಿ ನಿಲ್ಲಬೇಡಿ. ಮೋಡ ಮಧ್ಯಾಹ್ನದ ಮೇಲೆ ಕಟ್ಟುವುದೇ ಜಾಸ್ತಿ, ಬೆಳಿಗ್ಗೆ ಬೇಗ ಹೊರಡಿ ಅಂತ ಹೇಳುವುದು ಇದಕ್ಕೇ.

ಸಮಯಕ್ಕೆ ಒಂದು ಹಳೆಯ ಲೆಕ್ಕ ಇದೆ, 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಕೊಟ್ಟದ್ದು. 5 ಕಿಲೋಮೀಟರಿಗೆ 1 ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ತುದಿಗೆ 5 ಕಿಲೋಮೀಟರ್, ಏರು 900 ಮೀಟರ್ ಇದ್ದರೆ ಎರಡೂವರೆ ಗಂಟೆ. ಇದು ಗಟ್ಟಿ ಕಾಲಿನವರಿಗೆ, ನಿಲ್ಲದೆ ನಡೆದರೆ. ಬಂಡೆ ಇರುವ ಏಣಿನಲ್ಲಿ ಇಳಿಯಲೂ ಹತ್ತಿದಷ್ಟೇ ಹೊತ್ತು ಇಟ್ಟುಕೊಳ್ಳಿ. ಕತ್ತಲಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ, ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ ಅಂತ ಹೊರಡುವ ಮೊದಲೇ ಜೊತೆಯವರೆಲ್ಲ ಒಪ್ಪಿಕೊಳ್ಳಿ. ಮೇಲೆ ಹೋದ ಮೇಲೆ, ತುದಿ ಕಣ್ಣೆದುರು ಕಾಣುತ್ತಿರುವಾಗ, ಆ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಎಷ್ಟೋ ಸಲ ಕಾಣುತ್ತಿರುವುದು ತುದಿಯೂ ಅಲ್ಲ, ಅದರ ಮುಂಚಿನ ದಿಬ್ಬ.

ತುದಿಯಲ್ಲಿ ಬೆವರು ಆರುವ ಮೊದಲೇ ಬೆಚ್ಚಗಿನದು ಹಾಕಿಕೊಳ್ಳಿ, ಏನಾದರೂ ತಿನ್ನಿ, ನೀರು ಕುಡಿಯಿರಿ. ಫೋಟೋಗಾಗಿ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಇಳಿಯುವಾಗ ಸುಸ್ತಾದ ತೊಡೆ ನಡುಗುತ್ತದೆ, ಗಮನವೂ ಸಡಿಲವಾಗುತ್ತದೆ. ಅದಕ್ಕೆ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ.

ಹೆಡ್‌ಲ್ಯಾಂಪ್ ಮತ್ತು ವಿಷಲ್ ಬ್ಯಾಗಿನಲ್ಲಿರಲಿ. ನಿಮಿಷಕ್ಕೆ 6 ಸಲ ಊದಿ, 1 ನಿಮಿಷ ಬಿಟ್ಟು, ಮತ್ತೆ 6 ಸಲ ಊದಿದರೆ ಅದು ಸಹಾಯ ಬೇಕು ಅನ್ನುವ ಗುರುತು, 3 ಸಲ ಊದಿದರೆ ಕೇಳಿಸಿತು ಅನ್ನುವ ಉತ್ತರ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಕೆಳಗೆ ಇರುವ ಒಬ್ಬರಿಗೆ ಹೇಳಿ ಹೋಗಿ. ಇಳಿದ ತಕ್ಷಣ ಅವರಿಗೆ ಒಂದು ಮೆಸೇಜ್ ಹಾಕಿ, ಇಲ್ಲದಿದ್ದರೆ ನಿಮ್ಮನ್ನು ಹುಡುಕಲು ಬೇರೆ ಯಾರೋ ಕತ್ತಲಲ್ಲಿ ಅದೇ ಏಣು ಹತ್ತಬೇಕಾಗುತ್ತದೆ.